ಎರಡು ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರ್ ಬೇಸಿಗೆಯಲ್ಲಿ ಕೂಗಾಡ್ತಿದೆಯಾ? ಕಾವು, ಸದ್ದು ಇಳಿಸೋದು ಹೀಗೆ

ಗೋಪಿನಾಥಂ: ನಮ್ಮ ಕಡೆ ಸ್ಟುಡಿಯೋದವರಿಗೆ ಕೈತುಂಬಾ ಕೆಲಸ ಇರೋದು ಯುಗಾದಿಯಿಂದ ಆಷಾಢ ಹಿಡಿಯುವವರೆಗೆ. ಬಿಸಿಲು ನೆತ್ತಿ ಸುಡೋದೂ ಅದೇ ತಿಂಗಳುಗಳಲ್ಲಿ. ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗಿದ್ರೆ, ಬೆಳಗ್ಗೆ ಎದ್ದು ನೋಡೋ ಹೊತ್ತಿಗೆ ಕಂಪ್ಯೂಟರ್ ಅರ್ಧಕ್ಕೇ ಆಫ್ ಆಗಿರುತ್ತೆ. ಗಿರಾಕಿ ಬಾಗಿಲಲ್ಲಿ ನಿಂತಿರ್ತಾರೆ. ಇನ್ನು ಕಾರ್ಡೇ ಸುಟ್ಟುಹೋದ್ರೆ ಗೋಪಿನಾಥಂನವರು ಮಾದಪ್ಪನ ಬೆಟ್ಟ ದಾಟಿ ಹನೂರು, ಕೊಳ್ಳೇಗಾಲಕ್ಕೆ ಹೋಗಬೇಕು. ಅಲ್ಲೂ ಸಿಗದಿದ್ದರೆ ಮೈಸೂರು, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆ.

ಎರಡು ಕಾರ್ಡ್ ಹಾಕಿಸಿಕೊಂಡವರಿಗೆ ಈ ತಲೆನೋವು ಇನ್ನೂ ಜಾಸ್ತಿ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಡಿಜಿಟಲ್ ನಾಣ್ಯಕ್ಕೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ 'ಮೈನಿಂಗ್' ಮಾಡೋದು ನಿಂತುಹೋಯಿತು. ಹಗಲು ರಾತ್ರಿ ದುಡಿದಿದ್ದ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಕಡಿಮೆ ಬೆಲೆಗೆ ಸಿಕ್ಕಿದ ಅಂಥ ಕಾರ್ಡ್‌ನಲ್ಲಿ ಒಳಗಿನ ಥರ್ಮಲ್ ಪೇಸ್ಟ್ ಒಣಗಿರೋದು, ಫ್ಯಾನ್ ಸವೆದಿರೋದು ಸಾಮಾನ್ಯ.

ಮೊದಲ ಪ್ರಶ್ನೆ: ಎರಡನೇ ಕಾರ್ಡ್ ಬೇಕೇ?

ಎರಡು ಕಾರ್ಡ್ ಇದ್ರೆ ಎಲ್ಲ ಕೆಲಸವೂ ಎರಡು ಪಟ್ಟು ವೇಗ ಅನ್ನೋದು ತಪ್ಪು. ಫೋಟೋಶಾಪ್ ಬಳಸೋದು ಒಂದೇ ಕಾರ್ಡ್. ವಿಂಡೋಸ್‌ನಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೂ ಒಂದೇ ಕಾರ್ಡ್ ಬಳಸುತ್ತೆ. ಎರಡೂ ದುಡಿಯಬೇಕಾದ್ರೆ ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿ ಬೇಕು. ಬ್ಲೆಂಡರ್‌ನಂಥ ತ್ರೀಡಿ ಕೆಲಸಕ್ಕೆ ಎರಡೂ ಉಪಯೋಗ. ಗೇಮ್‌ಗಳಲ್ಲಿ ಎರಡು ಕಾರ್ಡ್ ಜೋಡಿಸೋ ಕಾಲ ಮುಗಿದಿದೆ: ಎನ್‌ವಿಡಿಯಾದ 30ರ ಸರಣಿಯಲ್ಲಿ 3090, 3090 ಟಿಐ ಕಾರ್ಡ್‌ಗೆ ಬಿಟ್ಟು ಬೇರೆ ಯಾವ ಕಾರ್ಡ್‌ಗೂ ಆ ಜೋಡಣೆ ಇಲ್ಲ.

ನಿಮ್ಮ ಕೆಲಸಕ್ಕೆ ಒಂದು ಸಾಕಾದ್ರೆ ಇನ್ನೊಂದನ್ನ ಬಿಚ್ಚಿ ತೆಗೆದಿಡಿ. ಸುಮ್ಮನೆ ಕೂತ ಕಾರ್ಡ್ ಕೂಡ ಸ್ವಲ್ಪ ಕರೆಂಟ್ ಎಳೆಯುತ್ತೆ, ಜೊತೆಗೆ ಪಕ್ಕದ ಕಾರ್ಡ್‌ಗೆ ಗಾಳಿ ಬರೋ ದಾರಿಗೆ ಅಡ್ಡ ನಿಲ್ಲುತ್ತೆ.

ಬಿಸಿ ಬರೋದು ಎಲ್ಲಿಂದ?

ಕಂಪ್ಯೂಟರ್ ಎಳೆದ ಕರೆಂಟ್ ಕೊನೆಗೆ ಆಗೋದು ಬಿಸಿಯೇ. ಆರ್‌ಟಿಎಕ್ಸ್ 3060 ಕಾರ್ಡ್‌ನ ಲೆಕ್ಕ 170 ವಾಟ್. ಎರಡು ಸೇರಿದ್ರೆ 340 ವಾಟ್. ಪ್ರೊಸೆಸರ್, ಮಿಕ್ಕಿದ್ದೆಲ್ಲ ಸೇರಿ ಪೂರ್ತಿ ಲೋಡ್‌ನಲ್ಲಿ 500 ವಾಟ್ ಆಸುಪಾಸು. ಅಂದ್ರೆ 1000 ವಾಟ್‌ನ ಇಸ್ತ್ರಿ ಪೆಟ್ಟಿಗೆಯನ್ನ ಅರ್ಧ ಕಾವಿನಲ್ಲಿ ಇಡೀ ದಿನ ಡಬ್ಬದೊಳಗೆ ಇಟ್ಟ ಹಾಗೆ. 8 ಗಂಟೆ ಹೀಗೆ ಓಡಿದ್ರೆ 4 ಯೂನಿಟ್.

ಫ್ಯಾನ್ ಈ ಬಿಸಿಯನ್ನ ಹೊರಗೆ ತಳ್ಳುತ್ತೆ ಅಷ್ಟೇ, ಇಲ್ಲದಂತೆ ಮಾಡಲ್ಲ. ಕೋಣೆಗಿಂತ ತಣ್ಣಗೂ ಮಾಡಲ್ಲ. ಕೋಣೆಗಿಂತ 45 ಡಿಗ್ರಿ ಹೆಚ್ಚು ಕಾಯೋ ಕಾರ್ಡ್, ಕೋಣೆ 27 ಡಿಗ್ರಿ ಇದ್ದಾಗ 72ರಲ್ಲಿರುತ್ತೆ. ಕೋಣೆ 38 ಆದಾಗ 83. ಸಂಕ್ರಾಂತಿಯಲ್ಲಿ ಸುಮ್ಮನಿದ್ದ ಮೆಷಿನ್ ಏಪ್ರಿಲ್‌ನಲ್ಲಿ ಅಬ್ಬರಿಸೋದು ಇದಕ್ಕೇ. ಕಾವು ಮಿತಿ ಮುಟ್ಟಿದ್ರೆ ಕಾರ್ಡ್ ತಾನಾಗೇ ವೇಗ ಇಳಿಸಿಕೊಳ್ಳುತ್ತೆ, ಕೆಲಸ ಎಳೆಯುತ್ತೆ. ಇನ್ನೂ ಮೀರಿದ್ರೆ ಮೆಷಿನ್ನೇ ಆಫ್.

ಖರ್ಚಿಲ್ಲದ ಮದ್ದು: ಪವರ್ ಮಿತಿ

ಹಾಗಾಗಿ ಮೊದಲು ಮಾಡಬೇಕಾದ್ದು ಬಿಸಿ ಹುಟ್ಟೋದನ್ನೇ ತಗ್ಗಿಸೋದು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಉಚಿತ ತಂತ್ರಾಂಶ ಬೇರೆ ಕಂಪನಿ ಕಾರ್ಡ್‌ಗಳಿಗೂ ನಡೆಯುತ್ತೆ. ಅದರಲ್ಲಿ 'ಪವರ್ ಲಿಮಿಟ್' 100ರಲ್ಲಿ ಇರುತ್ತೆ. ಅದನ್ನ 80ಕ್ಕೆ ಇಳಿಸಿ, ಎರಡೂ ಕಾರ್ಡ್‌ಗೆ ಆಗಿದೆಯಾ ನೋಡಿಕೊಳ್ಳಿ. 340 ವಾಟ್ ಇದ್ದದ್ದು 272ಕ್ಕೆ ಬರುತ್ತೆ. ಕರೆಂಟ್ 20 ಪರ್ಸೆಂಟ್ ಇಳಿದರೂ ಕೆಲಸದ ವೇಗ ಸಾಮಾನ್ಯವಾಗಿ ಅಷ್ಟು ಇಳಿಯಲ್ಲ, ಯಾಕಂದ್ರೆ ಕೊನೆಯ ಚೂರು ವೇಗಕ್ಕೇ ಕಾರ್ಡ್ ಹೆಚ್ಚು ಕರೆಂಟ್ ಕುಡಿಯೋದು. ಒಂದೇ 10 ನಿಮಿಷದ ವಿಡಿಯೋವನ್ನ ಮೊದಲೊಮ್ಮೆ, ಇಳಿಸಿದ ಮೇಲೊಮ್ಮೆ ಎಕ್ಸ್‌ಪೋರ್ಟ್ ಮಾಡಿ ನೋಡಿದ್ರೆ ನಿಮಗೇ ಗೊತ್ತಾಗುತ್ತೆ.

ಗಾಳಿಗೆ ದಾರಿ ಬಿಡಿ

ಎರಡು ಕಾರ್ಡ್ ಅಂಟಿಕೊಂಡು ಕೂತಿದ್ರೆ ಕೆಳಗಿನದರ ಬಿಸಿ ಗಾಳಿಯನ್ನೇ ಮೇಲಿನದು ಎಳೆಯುತ್ತೆ. ಅದಕ್ಕೇ ಹೆಚ್ಚಾಗಿ ಮೇಲಿನ ಕಾರ್ಡೇ ಮೊದಲು ಕಾಯೋದು. ಮದರ್‌ಬೋರ್ಡ್‌ನಲ್ಲಿ ಜಾಗ ಇದ್ರೆ ಮಧ್ಯೆ ಒಂದು ಸ್ಲಾಟ್ ಆದ್ರೂ ಖಾಲಿ ಬಿಡಿಸಿ. ಮುಂದಿನಿಂದ ತಣ್ಣನೆ ಗಾಳಿ ಒಳಗೆ, ಹಿಂದೆ ಮತ್ತು ಮೇಲಿನಿಂದ ಬಿಸಿ ಗಾಳಿ ಹೊರಗೆ. ಎಲ್ಲ ಫ್ಯಾನ್‌ಗಳ ದಿಕ್ಕು ಹೀಗಿದೆಯಾ ನೋಡಿ.

ಟೇಬಲ್‌ನ ಮುಚ್ಚಿದ ಗೂಡಿನೊಳಗೆ ಸಿಪಿಯು ಇಟ್ಟಿದ್ರೆ ಮೊದಲು ಹೊರಗೆ ತೆಗೀರಿ. ಹಿಂದೆ ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಇರಲಿ. ಅಂಗಡಿಯಲ್ಲಿ ಬೆಳಗ್ಗೆ ಹಚ್ಚೋ ಊದುಬತ್ತಿ ಸಿಪಿಯು ಪಕ್ಕ ಬೇಡ. ಆ ಹೊಗೆಯ ಜಿಡ್ಡಿಗೆ ರಸ್ತೆ ಧೂಳು ಅಂಟಿ ಗಾಳಿ ಕಿಂಡಿ ಮುಚ್ಚಿಬಿಡುತ್ತೆ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡೋದು ಒಂದು ರಾತ್ರಿಯ ತುರ್ತಿಗೆ ಸರಿ. ದಿನಾ ಹಾಗೇ ಬಿಟ್ರೆ ಧೂಳು, ಹಲ್ಲಿ, ಇಲಿ ಎಲ್ಲಕ್ಕೂ ಬಾಗಿಲು ತೆರೆದ ಹಾಗೆ.

ತಿಂಗಳಿಗೊಮ್ಮೆ ಬ್ಲೋವರ್‌ನಲ್ಲಿ ಧೂಳು ಊದಿ. ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಊದುವಾಗ ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡಿದುಕೊಳ್ಳಿ, ಗಿರಗಿರ ಸುತ್ತಲು ಬಿಟ್ರೆ ಬೇರಿಂಗ್ ಹಾಳು. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದ್ರೆ ಥರ್ಮಲ್ ಪೇಸ್ಟ್ ಬದಲಿಸಲು ತಿಳಿದ ಮೆಕ್ಯಾನಿಕ್‌ಗೇ ಕೊಡಿ. ಒಳಗಿನ ಪ್ಯಾಡ್‌ಗಳ ದಪ್ಪ ಹೆಚ್ಚುಕಮ್ಮಿ ಆದ್ರೂ ಕಷ್ಟ.

ಸದ್ದು ಯಾಕೆ?

ಒಂದರ ಜೊತೆ ಅಷ್ಟೇ ಸದ್ದಿನ ಇನ್ನೊಂದು ಫ್ಯಾನ್ ಸೇರಿದ್ರೆ ಹೆಚ್ಚೋದು 3 ಡೆಸಿಬೆಲ್ ಮಾತ್ರ. ಆದ್ರೆ ಫ್ಯಾನ್ ವೇಗವನ್ನ ಐದನೇ ಒಂದು ಭಾಗ ತಗ್ಗಿಸಿದ್ರೆ ಸುಮಾರು 5 ಡೆಸಿಬೆಲ್, ಅರ್ಧಕ್ಕೆ ಇಳಿಸಿದ್ರೆ ಸುಮಾರು 15 ಡೆಸಿಬೆಲ್ ಸದ್ದು ಇಳಿಯುತ್ತೆ. ಕಿವಿ ಕೊರೆಯೋದು ಫ್ಯಾನ್‌ಗಳ ವೇಗ, ಸಂಖ್ಯೆ ಅಲ್ಲ. ನಿಧಾನವಾಗಿ ತಿರುಗೋ ಎರಡು ದೊಡ್ಡ ಫ್ಯಾನ್, ಓಡೋಡಿ ತಿರುಗೋ ಒಂದು ಚಿಕ್ಕ ಫ್ಯಾನ್‌ಗಿಂತ ಮೇಲು. ಪವರ್ ಮಿತಿ ಇಳಿಸಿದ ಮೇಲೆ ಅದೇ ಆಫ್ಟರ್‌ಬರ್ನರ್‌ನಲ್ಲಿ ಫ್ಯಾನ್ ವೇಗವೂ ನಿಧಾನಕ್ಕೆ ಏರುವ ಹಾಗೆ ಮಾಡಿಕೊಳ್ಳಬಹುದು. ಹಾಡಿಗೆ ದನಿ ಕೂಡಿಸುವ, ವಾಯ್ಸ್ ಓವರ್ ಮಾಡುವ ಸ್ಟುಡಿಯೋಗಳಿಗೆ ಇದು ದೊಡ್ಡ ಅನುಕೂಲ.

ಕರಕರ ಸದ್ದು ಬಂದ್ರೆ ಅದು ಬೇರಿಂಗ್. ಆ ಫ್ಯಾನ್ ಬದಲಿಸಲೇಬೇಕು. ಗಡಗಡ ಅಂದ್ರೆ ಸಡಿಲ ಸ್ಕ್ರೂ ಬಿಗಿ ಮಾಡಿ, ಸಿಪಿಯು ಕೆಳಗೆ ರಬ್ಬರ್ ಕೊಡಿ.

ಇವನ್ನ ಮಾತ್ರ ಕಡೆಗಣಿಸಬೇಡಿ

ಸಾಮಾನ್ಯವಾಗಿ ಸಿಗೋ 600 ವಿಎ ಯುಪಿಎಸ್ ಹೊರೋದು 360 ವಾಟ್ ಅಷ್ಟೇ. ಎರಡು ಕಾರ್ಡ್‌ನ ಮೆಷಿನ್‌ಗೆ ಅದು ಸಾಲಲ್ಲ. ಕರೆಂಟ್ ಹೋದ ಕೂಡಲೇ ಅದೂ ಕೈಕೊಡುತ್ತೆ. ಪ್ರತಿ ಕಾರ್ಡ್‌ಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಇರಲಿ. ಕೆಲಸ ನಡೆಯುವಾಗ ಜಿಪಿಯು-ಝಡ್ ತಂತ್ರಾಂಶದಲ್ಲಿ ಕಾವು ನೋಡಿ. 80ರೊಳಗೆ ಇದ್ರೆ ನಿಶ್ಚಿಂತೆ. ಇಷ್ಟೆಲ್ಲ ಮಾಡಿದ ಮೇಲೂ 90ರ ಹತ್ತಿರ ಹೋದ್ರೆ ಮೆಕ್ಯಾನಿಕ್‌ಗೆ ತೋರಿಸಿ. ಸುಟ್ಟ ವಾಸನೆ ಬಂದ್ರೆ, ಕೇಬಲ್ ತುದಿ ಕಂದು ಬಣ್ಣಕ್ಕೆ ತಿರುಗಿದ್ರೆ, ಎಕ್ಸ್‌ಪೋರ್ಟ್ ಎಷ್ಟೇ ಅರ್ಜೆಂಟ್ ಇರಲಿ, ಆಗಿಂದಾಗ್ಗೆ ಪ್ಲಗ್ ಕೀಳಿ.