ಬೆಟ್ಟ ಹತ್ತುವ ಮುನ್ನ ಮೊಬೈಲಿಗೊಂದು ಪಾಠ

ಶ್ರಾವಣ ಮಾಸದಲ್ಲಿ ನೇಮಕಲ್ಲಿನ ದಾರಿಗಳು ಭಕ್ತರಿಂದ ತುಂಬಿರುತ್ತವೆ. ಕಸಾಪುರ, ಮುರಡಿ, ನೇಮಕಲ್ಲು ಈ ಮೂರು ಕ್ಷೇತ್ರಗಳ ಆಂಜನೇಯನನ್ನು ಒಂದೇ ದಿನದಲ್ಲಿ ದರ್ಶಿಸುವ ರೂಢಿ ಅನಂತಪುರದ ಕಡೆಯಲ್ಲೂ ಬಳ್ಳಾರಿಯ ಕಡೆಯಲ್ಲೂ ಬೇರೂರಿದೆ. ಹಿರಿಯರು ದರ್ಶನ ಮುಗಿಸಿ ನೆರಳು ಹುಡುಕಿಕೊಂಡು ಕುಳಿತರೆ, ಮಕ್ಕಳ ಕಣ್ಣು ಸುತ್ತಲಿನ ಕಲ್ಲುಗುಡ್ಡಗಳತ್ತ ಓಡುತ್ತದೆ. ರಾಯದುರ್ಗದ ಕೋಟೆಬೆಟ್ಟ, ಮಡಕಶಿರಾದ ಬೆಟ್ಟ, ರೊಳ್ಳದ ಬಳಿಯ ರತ್ನಗಿರಿ ಇವೆಲ್ಲವೂ ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೆ ಪಠ್ಯದ ಹೊರಗಿನ ಪಾಠಗಳೇ. ಇಂದು ಆ ಮಕ್ಕಳ ಅಥವಾ ಅವರ ಅಣ್ಣಂದಿರ ಜೇಬಿನಲ್ಲಿ ಮೊಬೈಲ್ ಇರುತ್ತದೆ. ಅದು ಬೆಟ್ಟದ ಮೇಲೆ ಚಿತ್ರ ತೆಗೆಯಲು ಮಾತ್ರ ಉಪಯೋಗವಾಗಬೇಕೆ, ಪ್ರಾಣವನ್ನೂ ಕಾಯಬಹುದೆ ಎಂಬ ಪ್ರಶ್ನೆಯನ್ನು ಪೋಷಕರು ಯೋಚಿಸಬೇಕಾದ ಕಾಲ ಬಂದಿದೆ.

ಒಂದೇ ತಿಂಗಳು, ಎರಡು ಬೆಟ್ಟಗಳು

2022ರ ಫೆಬ್ರವರಿ ತಿಂಗಳಲ್ಲಿ ನಡೆದ ಎರಡು ಘಟನೆಗಳು ಈ ಪ್ರಶ್ನೆಗೆ ಉತ್ತರ ಹೇಳುತ್ತವೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದ ಬಳಿ ಬೆಟ್ಟವೇರಿದ ಯುವಕನೊಬ್ಬ ಇಳಿಯುವಾಗ ಜಾರಿ, ಕಡಿದಾದ ಬಂಡೆಯ ಸಂದಿನಲ್ಲಿ ಸಿಲುಕಿಕೊಂಡ. ತಾನಿರುವ ಜಾಗದ ಚಿತ್ರಗಳನ್ನು ಅವನು ಮೊಬೈಲಿನಿಂದಲೇ ಕಳುಹಿಸಿದ. ಬಳಿಕ ಬ್ಯಾಟರಿ ಬರಿದಾಯಿತು. ಅನ್ನ ನೀರಿಲ್ಲದೆ ಸುಮಾರು ಎರಡು ದಿನ ಕಳೆದ ಅವನನ್ನು ಭಾರತೀಯ ಸೇನೆಯ ತಂಡ ಹಗ್ಗದ ನೆರವಿನಿಂದ ಮೇಲಕ್ಕೆ ತಂದಿತು. ಅದೇ ತಿಂಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ಸಾಲಿನಲ್ಲಿ ಒಬ್ಬಂಟಿಯಾಗಿ ಚಾರಣಕ್ಕೆ ಬಂದಿದ್ದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಸುಮಾರು 300 ಅಡಿ ಕೆಳಗೆ ಜಾರಿ ಬಂಡೆಯೊಂದರ ಮೇಲೆ ಸಿಲುಕಿದ. ಅವನೂ ಮೊಬೈಲಿನಿಂದಲೇ ಸಹಾಯ ಕೋರಿದ. ಪೊಲೀಸರು ಧಾವಿಸಿದರು, ವಾಯುಪಡೆಯ ಹೆಲಿಕಾಪ್ಟರ್ ಅವನನ್ನು ಎತ್ತಿ ತಂದಿತು.

ಇಬ್ಬರನ್ನೂ ಬದುಕಿಸಿದ್ದು ರಕ್ಷಣಾ ತಂಡಗಳ ಸಾಹಸ. ಆದರೆ ಆ ತಂಡಗಳಿಗೆ ದಾರಿ ತೋರಿಸಿದ್ದು ಮೊಬೈಲು. ಬೆಟ್ಟದಲ್ಲಿ ಅಪಾಯಕ್ಕೆ ಸಿಲುಕಿದವನು ಹೇಳಬೇಕಾದ ಮೊದಲ ಮಾತು 'ನಾನು ಎಲ್ಲಿದ್ದೇನೆ' ಎಂಬುದು. ಅದನ್ನು ಸ್ಪಷ್ಟವಾಗಿ ಹೇಳಬಲ್ಲವನಿಗೆ ನೆರವು ಬೇಗ ತಲುಪುತ್ತದೆ.

ಜಿಲ್ಲೆ ಬದಲಾದರೂ ಬದಲಾಗದ ಅಂಕಿಗಳು

ಗಡಿನಾಡಿನವರಿಗೆ ಈ ಮಾತು ಹೇಳುವುದು ಸುಲಭವಲ್ಲ. ರಾಯದುರ್ಗವು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು; ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾವು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹಳೆಯ ರೂಢಿಯಂತೆ ಅನಂತಪುರವೆಂದೇ ಹೇಳುವವರು ಇನ್ನೂ ಇದ್ದಾರೆ. ಒಂದು ಗುಡ್ಡಕ್ಕೆ ಕುರಿಗಾಹಿಗಳು ಕರೆಯುವ ಕನ್ನಡದ ಹೆಸರು ಒಂದಾದರೆ, ಕಂದಾಯದ ಕಡತದಲ್ಲಿರುವ ತೆಲುಗು ಹೆಸರು ಇನ್ನೊಂದು. ಗಡಿಯಂಚಿನ ಬೆಟ್ಟದ ಮೇಲೆ ನಿಂತ ಮೊಬೈಲು ಆಂಧ್ರದ ಗೋಪುರವನ್ನು ಹಿಡಿಯುವುದೋ ಕರ್ನಾಟಕದ ಗೋಪುರವನ್ನು ಹಿಡಿಯುವುದೋ ಹೇಳಲಾಗದು. ತುರ್ತು ಕರೆಗೆ ಓಗೊಡುವವರು ತೆಲುಗಿನಲ್ಲೂ ಮಾತನಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ಈ ಗೊಂದಲವನ್ನೆಲ್ಲ ದಾಟುವ ಒಂದು ವಿಳಾಸವಿದೆ. ಅದು ಅಕ್ಷಾಂಶ ಮತ್ತು ರೇಖಾಂಶ. ರಾಯದುರ್ಗ ಪಟ್ಟಣದ ಸ್ಥಾನ ಸುಮಾರು 14.70 ಉತ್ತರ, 76.87 ಪೂರ್ವ. ರಾಜ್ಯ ಬದಲಾದಾಗಲೂ ಈ ಅಂಕಿಗಳು ಬದಲಾಗಲಿಲ್ಲ. ದಶಮಾಂಶ ಬಿಂದುವಿನ ನಂತರ ಎರಡೇ ಅಂಕಿಗಳಿದ್ದರೆ ಸುಮಾರು ಒಂದು ಕಿಲೋಮೀಟರಿನ ವ್ಯತ್ಯಾಸ ಉಳಿಯಬಹುದು. ನಾಲ್ಕು ಅಂಕಿಗಳಿದ್ದರೆ ಅದು ಹನ್ನೊಂದು ಮೀಟರಿನಷ್ಟಕ್ಕೆ ಇಳಿಯುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಂತ ಜಾಗವನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಗುರುತು ಮೂಡಿ, ಈ ಅಂಕಿಗಳು ಕಾಣುತ್ತವೆ. ಅವನ್ನು ಎಸ್ಎಂಎಸ್ ಮೂಲಕ ಕಳುಹಿಸಿದರೆ ಓದುವವರಿಗೆ ಭಾಷೆಯ ತೊಡಕಿಲ್ಲ. ಮಾತಿನ ಕರೆ ಹೋಗದಷ್ಟು ಕ್ಷೀಣವಾದ ಸಂಕೇತವಿದ್ದಾಗಲೂ ಎಸ್ಎಂಎಸ್ ಕೆಲವೊಮ್ಮೆ ದಾಟಿಹೋಗುತ್ತದೆ.

ಸಂಕೇತವಿಲ್ಲದೆಯೂ ದಾರಿ

ಮೊಬೈಲ್ ಸಂಕೇತವಿಲ್ಲದಿದ್ದರೆ ಜಿಪಿಎಸ್ ಕೂಡ ನಿಂತುಹೋಗುತ್ತದೆಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಸಮಯದ ಸಂಕೇತವನ್ನು ಬಿತ್ತರಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಮೊಬೈಲು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಬೇಕಾದದ್ದು ತೆರೆದ ಆಕಾಶ. ಬಂಡೆಯ ಪೊಟರೆಯಲ್ಲಿ ಕುಳಿತರೆ ಸ್ಥಾನ ತಪ್ಪಾಗಿ ಕಾಣಬಹುದು. ಬಯಲಿಗೆ ಬಂದು ಒಂದೆರಡು ನಿಮಿಷ ಕಾದರೆ ಸರಿಯಾಗುತ್ತದೆ.

ಸಂಕೇತವಿಲ್ಲದಾಗ ಮಾಯವಾಗುವುದು ನಕ್ಷೆಯ ಚಿತ್ರ. ಆದ್ದರಿಂದ ಅದನ್ನು ಮನೆಯಲ್ಲಿಯೇ ಇಳಿಸಿಕೊಳ್ಳಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಇಂಟರ್‌ನೆಟ್ ಇಲ್ಲದಾಗ ಅದು ವಾಹನದ ದಾರಿಯನ್ನು ಹೇಳುವುದೇ ಹೊರತು ಕಾಲುದಾರಿಯನ್ನಲ್ಲ. ಕಾಲುನಡಿಗೆಗೆ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್‌ಗಳಂತಹ ಆ್ಯಪ್‌ಗಳು ಹೆಚ್ಚು ಉಪಯುಕ್ತ. ಇವೆರಡೂ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಆಧರಿಸಿವೆ. ಹೊರಡುವಾಗಲೇ ನಡಿಗೆಯ ಜಾಡನ್ನು ದಾಖಲಿಸಲು ಆರಂಭಿಸಿದರೆ, ಕತ್ತಲಾದಾಗ ಬಂದ ದಾರಿಯಲ್ಲೇ ಹಿಂತಿರುಗಲು ಆ ಗೆರೆ ನೆರವಾಗುತ್ತದೆ.

ಆದರೂ ಪರದೆಯ ಮೇಲಿನ ಗೆರೆಯನ್ನು ಕಣ್ಣುಮುಚ್ಚಿ ನಂಬುವುದು ಸಲ್ಲದು. ನೇಮಕಲ್ಲಿನ ಸುತ್ತ ಕಲ್ಲುಗಣಿಗಳಿವೆ. ಹಳೆಯ ಉಪಗ್ರಹ ಚಿತ್ರದಲ್ಲಿ ಇಳಿಜಾರಾಗಿ ಕಾಣುವ ಜಾಗ ಈಗ ಆಳವಾದ ಹೊಂಡವಾಗಿರಬಹುದು, ಮಳೆಗಾಲದಲ್ಲಿ ನೀರು ತುಂಬಿರಬಹುದು. ಡಿ. ಹಿರೇಹಾಳ್ ಮಂಡಲದ ಓಬಳಾಪುರದ ಕಡೆ ಕಬ್ಬಿಣದ ಅದಿರಿನ ಬೆಟ್ಟಗಳಿವೆ. ಮೊಬೈಲಿನ ದಿಕ್ಸೂಚಿ ಭೂಮಿಯ ಕಾಂತಕ್ಷೇತ್ರವನ್ನು ಅವಲಂಬಿಸಿರುವುದರಿಂದ ಇಂತಹ ನೆಲದಲ್ಲಿ ಅದು ದಿಕ್ಕು ತಪ್ಪಿಸುವ ಸಂಭವವಿದೆ. ಅಲ್ಲಿ ಸೂರ್ಯನ ದಿಕ್ಕೂ ದೂರದ ಊರಿನ ಗುರುತೂ ಮೊಬೈಲಿಗಿಂತ ನಂಬಿಗಸ್ತ. ಕುರಿಗಾಹಿಗಳ ಮಾತು ಅವೆಲ್ಲಕ್ಕಿಂತ ಹಿರಿದು.

ಕರೆಯಬೇಕಾದ ಸಂಖ್ಯೆ

ದೇಶದಾದ್ಯಂತ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಒಂದೇ ತುರ್ತು ಸಂಖ್ಯೆ 112. ಆಂಬುಲೆನ್ಸ್‌ಗಾಗಿ ಆಂಧ್ರ ಮತ್ತು ಕರ್ನಾಟಕ ಎರಡರಲ್ಲೂ 108 ಇದೆ. ತಮ್ಮ ಕಂಪನಿಯ ಸಂಕೇತ ಇಲ್ಲದಿದ್ದರೂ ಬೇರೆ ಕಂಪನಿಯ ಗೋಪುರ ಹತ್ತಿರವಿದ್ದರೆ 112ಕ್ಕೆ ಕರೆ ಹೋಗುತ್ತದೆ. ಆದ್ದರಿಂದ ಸಂಕೇತದ ಗೆರೆಗಳು ಕಾಣದಿದ್ದರೂ ಒಮ್ಮೆ ಪ್ರಯತ್ನಿಸಬೇಕು. ಅನೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಅಥವಾ ಐದು ಬಾರಿ ಒತ್ತಿದರೆ ತುರ್ತು ಕರೆ ಹೊರಡುತ್ತದೆ. ಸಾಮಾನ್ಯ ಗುಂಡಿ ಫೋನ್‌ಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವ ಏರ್ಪಾಡು ಇದೆ. ಮನೆಯ ಫೋನಿನಲ್ಲಿ ಯಾವ ಕ್ರಮವಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ ಮಕ್ಕಳಿಗೆ ಹೇಳಿಕೊಡಬೇಕು. ಆಟಕ್ಕೆ ಒತ್ತಬಾರದೆಂಬುದನ್ನೂ ಜೊತೆಗೇ ಕಲಿಸಬೇಕು.

ಕರೆಯಲ್ಲಿ ಹೇಳಬೇಕಾದ ಕ್ರಮ ಸರಳವಾಗಿದೆ. ಹತ್ತಿರದ ಊರು, ಮಂಡಲ, ಜಿಲ್ಲೆ, ಬೆಟ್ಟದ ಹೆಸರು, ಅಕ್ಷಾಂಶ ರೇಖಾಂಶದ ಅಂಕಿಗಳು, ಏನಾಗಿದೆ, ಎಷ್ಟು ಮಂದಿ ಇದ್ದಾರೆ ಎಂಬ ವಿವರ. ಇದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೇಳುವ ಅಭ್ಯಾಸ ಗಡಿನಾಡಿನ ಮಗುವಿಗೆ ಇರುವುದು ಒಳ್ಳೆಯದು. ಎರಡು ನುಡಿ ಬಲ್ಲ ಮಗು ಇಲ್ಲಿ ಇತರರಿಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಲಿಸುವ ಸ್ಥಾನವನ್ನು ಎಂಟು ಗಂಟೆಗಳವರೆಗೆ ಮನೆಯವರೊಂದಿಗೆ ಹಂಚಿಕೊಳ್ಳುವ ಸೌಲಭ್ಯವಿದೆ. ಅದಕ್ಕೆ ಇಂಟರ್‌ನೆಟ್ ಬೇಕು. ಸಂಕೇತ ತಪ್ಪಿದರೂ ಕೊನೆಯದಾಗಿ ಎಲ್ಲಿದ್ದರೆಂಬ ಸುಳಿವು ಮನೆಯವರ ಬಳಿ ಉಳಿದಿರುತ್ತದೆ.

ಮೋಡ ಕವಿದಾಗ

ಈ ಸೀಮೆಯಲ್ಲಿ ಮಳೆ ಕಡಿಮೆ, ಆದರೆ ಸಿಡಿಲಿನ ಭಯ ಕಡಿಮೆಯಲ್ಲ. 2018ರ ಏಪ್ರಿಲ್ 24ರಂದು ಆಂಧ್ರಪ್ರದೇಶದಲ್ಲಿ ಹದಿಮೂರು ಗಂಟೆಗಳೊಳಗೆ 36,749 ಸಿಡಿಲುಗಳು ದಾಖಲಾದವು. ಬೋಳುಬೆಟ್ಟದ ತುದಿಯಲ್ಲಿ ನಿಂತವನೇ ಸುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತು ಎಂಬುದನ್ನು ಮರೆಯಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಇಪ್ಪತ್ತು ಹಾಗೂ ನಲವತ್ತು ಕಿಲೋಮೀಟರ್ ವ್ಯಾಪ್ತಿಯ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆ್ಯಪ್ ಭಾರತದ ಹಲವು ಭಾಷೆಗಳಲ್ಲಿ ಮುನ್ಸೂಚನೆ ನೀಡುತ್ತದೆ. ಬೆಟ್ಟಕ್ಕೆ ಹೊರಡುವ ಬೆಳಿಗ್ಗೆ ಇವುಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳಿತು.

ಇಂಟರ್‌ನೆಟ್ ಇಲ್ಲದೆಡೆ ಮಗ್ಗಿ ಬಲ್ಲ ಮಗುವೇ ಒಂದು ಆ್ಯಪ್. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ತಕ್ಷಣ ಇಳಿಯಬೇಕು. ಒಂಟಿ ಮರವಾಗಲಿ ತೆರೆದ ಮಂಟಪವಾಗಲಿ ಆಸರೆಯಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯದೆ ಮತ್ತೆ ಏರಬಾರದು.

ಬ್ಯಾಟರಿ ಎಂಬ ಬುತ್ತಿ

ಪಾಲಕ್ಕಾಡಿನ ಘಟನೆಯಲ್ಲಿ ಮೊಬೈಲು ಮೌನವಾದದ್ದು ಬ್ಯಾಟರಿ ಮುಗಿದಾಗ. ಹಿಂದೆ ಬೆಟ್ಟಕ್ಕೆ ಹೋಗುವವರು ಬುತ್ತಿಯನ್ನೂ ನೀರನ್ನೂ ಅಳೆದು ಕಟ್ಟಿಕೊಳ್ಳುತ್ತಿದ್ದರು. ಈಗ ಬ್ಯಾಟರಿಯನ್ನೂ ಹಾಗೆಯೇ ಅಳೆಯಬೇಕು. ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಡುವುದು, ಹಾಡು ಮತ್ತು ವಿಡಿಯೋಗಳನ್ನು ನಿಲ್ಲಿಸುವುದು, ಪರದೆಯ ಬೆಳಕನ್ನು ತಗ್ಗಿಸುವುದು, ಸಂಕೇತವಿಲ್ಲದೆಡೆ ಏರೋಪ್ಲೇನ್ ಮೋಡ್ ಹಾಕುವುದು ಮೊದಲ ಕ್ರಮಗಳು. ಆ ಸ್ಥಿತಿಯಲ್ಲೂ ಹೆಚ್ಚಿನ ಫೋನ್‌ಗಳಲ್ಲಿ ಜಿಪಿಎಸ್ ಕೆಲಸ ಮಾಡುತ್ತಿರುತ್ತದೆ. ಬೇಸಿಗೆಯ ಬಂಡೆಯ ಮೇಲೆ ಫೋನನ್ನು ಇಟ್ಟರೆ ಅದು ಕಾದು ತಾನಾಗಿಯೇ ಆರಿಹೋಗಬಹುದು. ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಡುವುದು ಮೇಲು. ಗುಂಪಿನಲ್ಲಿ ಒಂದು ಫೋನನ್ನಾದರೂ ಯಾರೂ ಮುಟ್ಟದೆ ತುರ್ತಿಗಾಗಿ ಕಾದಿರಿಸಬೇಕು. ಕರಡಿಗಳು ಸುಳಿಯುವ ಗುಡ್ಡಗಳಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವುದು ಅಪಾಯವನ್ನು ತಾನೇ ಕರೆದಂತೆ.

ಶಾಲೆಯಲ್ಲಿ ಒಂದು ದಿನ

ಇದೆಲ್ಲವೂ ಒಂದು ದಿನದ ಶಾಲಾ ಚಟುವಟಿಕೆಯಾಗಬಲ್ಲದು. ಭೂಗೋಳದ ಪಾಠದಲ್ಲಿ ಬಾಯಿಪಾಠವಾಗುವ ಅಕ್ಷಾಂಶ ರೇಖಾಂಶಗಳನ್ನು ಮಕ್ಕಳು ತಮ್ಮ ಶಾಲೆಯ ಅಂಗಳದಲ್ಲಿಯೇ ಓದಿ ಬರೆದುಕೊಳ್ಳಬಹುದು. ಊರಿನ ಹಿರಿಯರನ್ನು ಕೇಳಿ ಸುತ್ತಲಿನ ಗುಡ್ಡ, ಹಳ್ಳ, ದೊಣೆಗಳ ಕನ್ನಡ ಹೆಸರುಗಳನ್ನು ಪಟ್ಟಿಮಾಡಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಸ್ಥಳಕ್ಕೆ ಹಲವು ಭಾಷೆಯ ಹೆಸರುಗಳನ್ನು ಸೇರಿಸಲು ಅವಕಾಶವಿದೆ. ಶಿಕ್ಷಕರ ಮಾರ್ಗದರ್ಶನದಲ್ಲಿ ತೆಲುಗು ಹೆಸರಿನ ಪಕ್ಕದಲ್ಲಿ ಕನ್ನಡದ ಹೆಸರನ್ನೂ ದಾಖಲಿಸಿದರೆ, ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿರುವ ಗುಡ್ಡಗಳ ಹೆಸರು ನಕ್ಷೆಯಲ್ಲಿ ನಿಲ್ಲುತ್ತದೆ. ಮುಂದೊಂದು ದಿನ ದಾರಿ ತಪ್ಪಿದ ಮಗುವೊಂದು ಆ ಹೆಸರನ್ನೇ ಹೇಳಿ ನೆರವು ಕೋರಬಹುದು.

ಎಲ್ಲ ಆ್ಯಪ್‌ಗಳಿಗಿಂತ ಹಳೆಯದಾದ ಒಂದು ನಿಯಮ ಮಾತ್ರ ಇಂದಿಗೂ ಬದಲಾಗಿಲ್ಲ. ಯಾವ ಬೆಟ್ಟಕ್ಕೆ, ಯಾರ ಜೊತೆ, ಎಷ್ಟು ಹೊತ್ತಿಗೆ ಹಿಂತಿರುಗುವುದು ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಬೇಕು. ಹೊತ್ತು ಮುಳುಗಿದರೂ ಮಗು ಬರಲಿಲ್ಲವೆಂದು ಮೊದಲು ಗಮನಿಸುವುದು ಮನೆಯೇ. ಬೆಟ್ಟದ ಹೆಸರು ಗೊತ್ತಿದ್ದರೆ ಹುಡುಕುವವರು ಕತ್ತಲಾಗುವ ಮುನ್ನವೇ ಸರಿಯಾದ ದಾರಿಯಲ್ಲಿರುತ್ತಾರೆ.