ಬೇಸಿಗೆಯಲ್ಲಿ ನಿದ್ರಿಸುವ ಹಣ್ಣಿನ ಮರಗಳು

ರಾಯಚೂರು, ಕಲಬುರಗಿ, ವಿಜಯಪುರದ ಕಡೆ ಹಿತ್ತಲಿನ ಹಣ್ಣಿನ ಗಿಡ ಒಣಗಿದರೆ ತಪ್ಪೆಲ್ಲ ಬಿಸಿಲಿನದೇ ಎನ್ನುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಿಜ. ಆದರೆ ಹೊಲದ ಬದುವಿನ ಬಾರಿ ಮರಕ್ಕಾಗಲಿ ಗುಡ್ಡದ ಕಲ್ಲುಸಂದಿನ ಸೀತಾಫಲಕ್ಕಾಗಲಿ ಯಾರೂ ನೀರು ಹಾಕುವುದಿಲ್ಲ. ಅವು ಅದೇ ಬಿಸಿಲಲ್ಲಿ ಬದುಕಿ ಫಲ ಕೊಡುತ್ತವೆ. ಯಾವ ಮರ ಯಾವ ಋತುವಿನಲ್ಲಿ ದುಡಿಯುತ್ತದೆ, ಯಾವಾಗ ವಿಶ್ರಮಿಸುತ್ತದೆ ಎಂಬುದನ್ನು ತಿಳಿದು ನೆಟ್ಟರೆ ಬಿರುಬಿಸಿಲ ನಾಡಿನಲ್ಲೂ ಹಿತ್ತಲು ತುಂಬ ಹಣ್ಣು ಬೆಳೆಯಬಹುದು.

ಬೇರು ಹೀರಿದ ನೀರಿನ ಬಹುಪಾಲು ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಹೋಗುತ್ತದೆ. ಎಲೆ ತಂಪಾಗಿರುವುದು ಇದರಿಂದಲೇ. ಗಾಳಿ ಒಣಗಿದಷ್ಟೂ ಆವಿ ಹೆಚ್ಚು. ಬೇರಿನ ಪೂರೈಕೆ ಸಾಲದಾದಾಗ ಗಿಡ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ಆಹಾರದ ತಯಾರಿ ಕುಂಠಿತವಾಗುತ್ತದೆ, ಎಲೆಯ ಕಾವು ಏರಿ ಅಂಚು ಸುಡುತ್ತದೆ. ಅಗಲ ಎಲೆಯ, ಮೇಲುಮಟ್ಟದ ಬೇರಿನ ಬಾಳೆಯಂಥ ಗಿಡಗಳು ಮೊದಲು ಸೋಲುವುದು ಇದಕ್ಕೇ.

ಬಾರಿ ಮರ ಈ ಹೋರಾಟಕ್ಕೇ ಇಳಿಯುವುದಿಲ್ಲ. ದಕ್ಷಿಣದ ಕಡೆ ಎಲಚಿ, ಬೋರೆ ಎನ್ನುವ ಮರವೇ ಇದು. ಮಳೆಗಾಲದಲ್ಲಿ ಚಿಗುರಿ, ಮಳೆ ಹಿಂದೆ ಸರಿಯುವಾಗ ಹೂಬಿಟ್ಟು, ಚಳಿಗಾಲದಲ್ಲಿ ಹಣ್ಣು ಕೊಟ್ಟು, ಬೇಸಿಗೆ ಬರುತ್ತಲೇ ಎಲೆ ಉದುರಿಸಿ ಮಲಗುತ್ತದೆ. ಎಲೆಯೇ ಇಲ್ಲದಾಗ ನೀರಿನ ನಷ್ಟವೂ ಅತ್ಯಲ್ಪ. ಹೂವು ಆ ವರ್ಷದ ಹೊಸ ಕೊಂಬೆಯಲ್ಲೇ ಮೂಡುವುದರಿಂದ, ನಿದ್ರೆಯಲ್ಲಿರುವಾಗಲೇ ಕೊಂಬೆಗಳನ್ನು ಸವರಿದರೆ ಮುಂದಿನ ಫಸಲು ಚೆನ್ನಾಗಿರುತ್ತದೆ. ತಾಯಿಬೇರು ಬಹಳ ಆಳಕ್ಕೆ ಇಳಿಯುವ ಗಿಡವಿದು. ಕಿತ್ತು ನೆಟ್ಟರೆ ಆ ಬೇರಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ಬೀಜವನ್ನು ನೆಲದಲ್ಲೇ ಹಾಕಿ, ಗಿಡ ಬಲಿತ ಮೇಲೆ ಅಲ್ಲೇ ಒಳ್ಳೆಯ ತಳಿಯ ಕಣ್ಣು ಕಸಿ ಮಾಡುವುದು ಉತ್ತಮ.

ಸೀತಾಫಲವೂ ಒಣ ದಿನಗಳಲ್ಲಿ ಎಲೆ ಉದುರಿಸುತ್ತದೆ. ಅದರ ತೊಡಕು ಹೂವಿನದು. ಒಂದೇ ಹೂವಿನಲ್ಲಿ ಹೆಣ್ಣುಭಾಗ ಮೊದಲು ಪಕ್ವವಾಗುತ್ತದೆ, ಪರಾಗ ಆಮೇಲೆ ಉದುರುತ್ತದೆ. ಪರಾಗ ಸಾಗಿಸಬೇಕಾದವು ಪುಟ್ಟ ದುಂಬಿಗಳು. ಗಾಳಿ ತೀರಾ ಒಣಗಿದ್ದರೆ ಕಾಯಿ ಕಚ್ಚುವುದು ಕಡಿಮೆ. ಪೂರ್ತಿ ಅರಳಿದ ಹೂವಿನ ಪರಾಗವನ್ನು ಮೃದುವಾದ ಕುಂಚದಲ್ಲಿ ತೆಗೆದು, ಮುಂಜಾನೆ ಅರೆಬಿರಿದ ಹೂವುಗಳಿಗೆ ಸವರಿದರೆ ಕಾಯಿ ಹೆಚ್ಚುತ್ತದೆ. ಹಿತ್ತಲಿನ ಒಂದೆರಡು ಮರಗಳಿಗೆ ಇದು ಮನೆಯ ಮಕ್ಕಳೂ ಮಾಡಬಹುದಾದ ಕೆಲಸ.

ನೆಲ್ಲಿಯ ಉಪಾಯ ಇನ್ನೂ ಸೋಜಿಗದ್ದು. ವಸಂತದಲ್ಲಿ ಹೂವಾಗಿ ಫಲ ಕಟ್ಟಿದರೂ, ಆ ಎಳೆಗಾಯಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿಯೇ ಬೇಸಿಗೆ ಕಳೆಯುತ್ತದೆ. ಮಳೆ ಹಿಡಿದ ಮೇಲಷ್ಟೇ ಬೆಳೆಯತೊಡಗುತ್ತದೆ. ತನ್ನದೇ ಪರಾಗದಿಂದ ಅದು ಚೆನ್ನಾಗಿ ಫಲ ಕಟ್ಟದ ಕಾರಣ, ಜಾಗವಿದ್ದರೆ ಬೇರೆ ಬೇರೆ ತಳಿಯ ಎರಡು ಗಿಡ ನೆಡಬೇಕು.

ದಾಳಿಂಬೆಗೆ ಈ ವಿಶ್ರಾಂತಿಯನ್ನು ನಾವೇ ಕೊಡಬೇಕಾಗುತ್ತದೆ. ಬಾಗಲಕೋಟೆ, ಕೊಪ್ಪಳದ ಬೆಳೆಗಾರರು ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಿದ ಮೇಲೆ ಗೊಬ್ಬರ-ನೀರು ಕೊಟ್ಟು ಒಟ್ಟಿಗೆ ಹೂಬಿಡಿಸುತ್ತಾರೆ. ಇದೇ ಬಹಾರ. ಕಾಯಿ ಕಟ್ಟಿದ ಮೇಲೆ ಮಾತ್ರ ತೇವ ಒಂದೇ ಸಮನಾಗಿರಬೇಕು. ಒಣಗಿ ಬಿಗಿಯಾದ ಸಿಪ್ಪೆಯೊಳಗೆ ಕಾಳುಗಳು ಒಮ್ಮೆಲೇ ನೀರು ಕುಡಿದು ಉಬ್ಬಿದರೆ ಹಣ್ಣು ಸೀಳುತ್ತದೆ.

ಇನ್ನು ಮಣ್ಣು. ಎರೆಮಣ್ಣಿನ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯ ಬಿರುಕು ಎಳೆಬೇರುಗಳನ್ನು ಹರಿಯುತ್ತದೆ. ಮಳೆಗಾಲದಲ್ಲಿ ನಿಂತ ನೀರು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಎರಡಕ್ಕೂ ಪರಿಹಾರ ಉಂಟು: ಗಿಡವನ್ನು ತುಸು ಎತ್ತರದ ದಿಬ್ಬದ ಮೇಲೆ ನೆಟ್ಟು, ಸುತ್ತ ತೊಗರಿಯ ಹೊಟ್ಟು, ಒಣ ಎಲೆಗಳನ್ನು ದಪ್ಪಗೆ ಹೊದಿಸಿ. ಹೊದಿಕೆ ಕಾಂಡಕ್ಕೆ ಮಾತ್ರ ತಾಗದಿರಲಿ. ಎಳೆಯ ಗಿಡದ ಕಾಂಡಕ್ಕೆ ಸುಣ್ಣ ಬಳಿದರೆ ಬಿಸಿಲು ಪ್ರತಿಫಲಿಸಿ ತೊಗಟೆ ಸುಡುವುದು ತಪ್ಪುತ್ತದೆ.

ನೀರುಣಿಸಲು ಮಣ್ಣಿನ ಮಡಕೆಗಿಂತ ಅಗ್ಗದ ಸಾಧನವಿಲ್ಲ. ಗಿಡದ ಬದಿಗೆ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಾಗ ಅದು ಮಡಕೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಸೆಳೆದುಕೊಳ್ಳುತ್ತದೆ. ತೇವವಾಗಿದ್ದಾಗ ಸೆಳೆತ ಇಳಿಯುತ್ತದೆ. ಚೀನಾದ ಫಾನ್ ಶೆಂಗ್‌ಝಿ ಕ್ರಿ.ಪೂ. 1ನೇ ಶತಮಾನದಲ್ಲೇ ತನ್ನ ಕೃಷಿ ಗ್ರಂಥದಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ಗಿಡ ದೊಡ್ಡದಾದಂತೆ ನೀರು ಬುಡದಿಂದ ದೂರಕ್ಕೆ, ಕೊಂಬೆಗಳ ಹರವಿನ ಅಂಚಿನತ್ತ ಸಾಗಬೇಕು. ನೀರು ಹೀರುವ ಎಳೆಬೇರುಗಳು ಅಲ್ಲಿ ಹೆಚ್ಚು. ದಿನವೂ ಚೆಂಬು ನೀರು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಆಗೊಮ್ಮೆ ಈಗೊಮ್ಮೆ, ಆದರೆ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಬೇರೂ ಕೆಳಗಿಳಿಯುತ್ತದೆ.

ನರ್ಸರಿಯಲ್ಲಿ ಕಣ್ಣು ಸೆಳೆದ ಗಿಡವನ್ನು ಕೊಳ್ಳುವ ಮುನ್ನ ಅದು ಮೇ ತಿಂಗಳಲ್ಲಿ ಏನು ಮಾಡುತ್ತದೆ ಎಂದು ಕೇಳಿ ತಿಳಿಯಿರಿ. ಮುಂಗಾರಿನ ಮೊದಲ ಹದ ಮಳೆ ಬಿದ್ದೊಡನೆ ಬಾರಿಯ ಬೀಜ ಹಾಕಿ, ಒಂದು ಸೀತಾಫಲದ ಗಿಡ ನೆಡಿ. ಮೊದಲ ಬೇಸಿಗೆಗಳಲ್ಲಿ ನೆರಳು, ಹೊದಿಕೆ, ಮಡಕೆ ನೀರು ಕೊಟ್ಟು ಕಾಪಾಡಿ. ಆಮೇಲಿನ ಬೇಸಿಗೆಗಳನ್ನು ಅವು ತಾವೇ ದಾಟುತ್ತವೆ.