ಸಂತಾನ ನಿಯಂತ್ರಣ: ಪತಿಯ ಪಾಲು

ಮಕ್ಕಳು ಸಾಕೆಂದು ದಂಪತಿಗಳು ನಿರ್ಧರಿಸಿದೊಡನೆ ಶಸ್ತ್ರಚಿಕಿತ್ಸೆಯ ಹೊಣೆ ಹೆಣ್ಣಿನ ಮೇಲೆಯೇ ಬೀಳುವುದು ನಮ್ಮಲ್ಲಿ ರೂಢಿಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಶೇ. 37.9ರಷ್ಟು ಮಂದಿ ಪತ್ನಿಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರೆ, ಪತಿಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 0.3 ಮಾತ್ರ. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಈ ಭಾರ ಹೊತ್ತವಳು ಗೃಹಿಣಿಯೇ. ಬಾಣಂತಿ ರಕ್ತಹೀನತೆಯಿಂದ ಬಳಲುತ್ತಿದ್ದರೂ, "ಅವನು ದುಡಿಯುವವನು, ಶಕ್ತಿ ಕುಂದೀತು" ಎಂದು ಹಿರಿಯರು ಮಗನನ್ನು ತಡೆಯುತ್ತಾರೆ. ಸ್ತ್ರೀ-ಪುರುಷ ಭೇದವನ್ನೆಣಿಸದ ಶರಣರನ್ನು ನಿತ್ಯವೂ ಸ್ಮರಿಸುವ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ.

ಈ ಭಯಕ್ಕೆ ಆಧಾರವಿಲ್ಲ. ಆಯುರ್ವೇದವು ಶುಕ್ರಧಾತುವನ್ನು ಸಪ್ತಧಾತುಗಳಲ್ಲಿ ಕೊನೆಯದೆಂದೂ ಸರ್ವಶರೀರವ್ಯಾಪಿಯೆಂದೂ ಹೇಳುತ್ತದೆ. ಅದು ಒಂದು ನಾಳಕ್ಕೆ ಸೀಮಿತವಾದುದಲ್ಲ. ಆಧುನಿಕ ಶಾರೀರಶಾಸ್ತ್ರದ ಪ್ರಕಾರವೂ ಪುರುಷತ್ವದ ಹಾರ್ಮೋನು ವೃಷಣಗಳಿಂದ ನೇರವಾಗಿ ರಕ್ತವನ್ನು ಸೇರುತ್ತದೆ. ವೀರ್ಯನಾಳವನ್ನು ಮುಚ್ಚಿದರೆ ತಡೆಯುವುದು ವೀರ್ಯಾಣುಗಳು ಮಾತ್ರ, ಬಲವಲ್ಲ.

ಆದರೂ ಶಾಶ್ವತ ಶಸ್ತ್ರಚಿಕಿತ್ಸೆಗೆ ತರುಣರು ಹಿಂಜರಿಯುವುದು ಸಹಜವೇ. ಮುಂದೆ ಮನಸ್ಸು ಬದಲಾದರೆ ಸಂತಾನಶಕ್ತಿಯನ್ನು ಮರಳಿ ಪಡೆಯಬಹುದಾದ ಮಾರ್ಗವೊಂದು ಬೇಕು. ಈ ದಿಸೆಯಲ್ಲಿ ಬಹುದೂರ ಸಾಗಿರುವುದು ನಮ್ಮ ದೇಶದ್ದೇ ಆದ 'ರಿಸಗ್'. ಖರಗ್‌ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಸುಜಯ್ ಗುಹಾ ಅವರು 1970ರ ದಶಕದಲ್ಲಿ ಆರಂಭಿಸಿದ ಸಂಶೋಧನೆಯಿದು. ಸ್ಥಳೀಯ ಅರಿವಳಿಕೆ ನೀಡಿ, ಪಾಲಿಮರ್ ಎಂಬ ಅಂಟುದ್ರವ್ಯವನ್ನು ಎರಡೂ ವೀರ್ಯನಾಳಗಳಿಗೆ ಚುಚ್ಚುಮದ್ದಿನಂತೆ ಸೇರಿಸುತ್ತಾರೆ. ಅದು ನಾಳದ ಒಳಗೋಡೆಗೆ ಅಂಟಿಕೊಂಡು, ಹಾದುಹೋಗುವ ವೀರ್ಯಾಣುಗಳ ಹೊರಪೊರೆಯನ್ನು ಕೆಡಿಸಿ ಅವುಗಳನ್ನು ನಿಷ್ಫಲಗೊಳಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 303 ವಿವಾಹಿತ ಪುರುಷರ ಮೇಲೆ ನಡೆಸಿದ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಏಳು ವರ್ಷಗಳ ಅವಲೋಕನದಲ್ಲಿ ಗರ್ಭಧಾರಣೆ ತಡೆಯುವಲ್ಲಿ ಅದು ಶೇ. 99ರಷ್ಟು ಸಫಲವಾಗಿತ್ತು; ಗಂಭೀರವಾದ ದುಷ್ಪರಿಣಾಮ ಕಂಡುಬರಲಿಲ್ಲ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಅಂಟನ್ನು ಕರಗಿಸಿ ಹೊರಹಾಕಿದರೆ ಸಂತಾನಶಕ್ತಿ ಮರಳುವುದು ಇಲಿ, ಮೊಲ, ಲಂಗೂರ್ ಕೋತಿಗಳಲ್ಲಿ ಸಿದ್ಧವಾಗಿದೆ. ಮನುಷ್ಯರಲ್ಲಿ ಅದಿನ್ನೂ ಸಿದ್ಧವಾಗಬೇಕಿದೆ.

ಅಮೆರಿಕದಲ್ಲಿ ಪ್ರತಿದಿನ ಭುಜಕ್ಕೆ ಸವರಿಕೊಳ್ಳುವ ಹಾರ್ಮೋನು ಲೇಪವೊಂದು ಪರೀಕ್ಷೆಯಲ್ಲಿದೆ. ಅದು ವೀರ್ಯಾಣುಗಳ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಹದಿನೈದನೆಯ ವಾರದ ಹೊತ್ತಿಗೆ ನೂರರಲ್ಲಿ 86 ಮಂದಿಯಲ್ಲಿ ಅಪೇಕ್ಷಿತ ಮಟ್ಟಕ್ಕೆ ಇಳಿದುದು ವರದಿಯಾಗಿದೆ. ಒಂದು ದಿನವೂ ಮರೆಯಬಾರದು. ಲೇಪಿಸಿದ ಭಾಗ ಪತ್ನಿಗಾಗಲಿ ಮಕ್ಕಳಿಗಾಗಲಿ ತಾಗಬಾರದು. ಹಾರ್ಮೋನುರಹಿತ ಗುಳಿಗೆಯೊಂದು ಇನ್ನೂ ಆರಂಭದ ಹಂತದಲ್ಲಿದೆ.

ಇವುಗಳಲ್ಲಿ ಯಾವುದೂ ಇನ್ನೂ ಔಷಧಾಂಗಡಿಗೆ ಬಂದಿಲ್ಲ. ಈ ನಡುವೆ 'ಗಂಡಸರ ಗಿಡಮೂಲಿಕೆ' ಎಂದು ಮಾರುವವರು ಹೆಚ್ಚಿದ್ದಾರೆ. ಗಿಡದಿಂದ ಬಂದುದೆಲ್ಲ ನಿರಪಾಯವೆಂದು ಆಯುರ್ವೇದ ಎಂದೂ ಹೇಳಿಲ್ಲ. ಚೀನಾದಲ್ಲಿ ಹತ್ತಿಬೀಜದ ಗಾಸಿಪಾಲ್ ಎಂಬ ಸತ್ವವನ್ನು 1970ರ ದಶಕದಲ್ಲಿ 8,000ಕ್ಕೂ ಹೆಚ್ಚು ಪುರುಷರಿಗೆ ಕೊಟ್ಟು ನೋಡಿದರು. ಗರ್ಭ ನಿಂತಿತು, ನಿಜ; ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕರವಾಗಿ ಕುಸಿಯಿತು, ಇನ್ನು ಕೆಲವರಿಗೆ ಸಂತಾನಶಕ್ತಿ ಮರಳಲೇ ಇಲ್ಲ.

ಸದ್ಯಕ್ಕೆ ಮರಳಿ ಪಡೆಯಬಹುದಾದ ನಿಶ್ಚಿತ ಮಾರ್ಗ ಪುರುಷರಿಗೆ ನಿರೋಧ್ ಒಂದೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಇನ್ನು ಮಕ್ಕಳು ಬೇಡವೇ ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದರೆ, ಕತ್ತರಿ-ಹೊಲಿಗೆಯಿಲ್ಲದ ಎನ್.ಎಸ್.ವಿ. ಚಿಕಿತ್ಸೆಯಿದೆ. ಅದನ್ನು ಶಾಶ್ವತವೆಂದೇ ತಿಳಿದು ಒಪ್ಪಬೇಕು. ಪತ್ನಿಯ ಶಸ್ತ್ರಚಿಕಿತ್ಸೆಯಂತೆ ಉದರವನ್ನು ತೆರೆಯಬೇಕಾಗಿಲ್ಲ. ಪತಿ ಅಂದೇ ಮನೆಗೆ ಮರಳಬಹುದು, ವಾರ ಕಳೆದ ಮೇಲೆ ಹೊಲದ ಕಾಯಕಕ್ಕೂ ಹೋಗಬಹುದು. ಆದರೆ ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು. ಅನಂತರ ವೀರ್ಯಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ವೈದ್ಯರು ಹೇಳುವವರೆಗೂ ನಿರೋಧ್ ಬಳಸತಕ್ಕದ್ದು.